ಕೆಂಪು ನೆಲದ ಮೇಲೊಂದು ‘ಇಂಗ್ಲಿಷ್ ಹಳ್ಳಿ’

ನೇರಳೆ ಮಾರ್ಗದ ಮೆಟ್ರೊ ರೈಲು ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಸಾಗುವಾಗ ಬೋಗಿಯೊಳಗೆ ಒಂದಾದ ಮೇಲೊಂದರಂತೆ ಕೇಳಿಬರುವ ಹೆಸರುಗಳನ್ನು ಓದುಗರು ಗಮನಿಸಿರಬಹುದು. ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರುಹಳ್ಳಿ, ಪಟ್ಟಂದೂರು ಅಗ್ರಹಾರ. ಹಳೆಯ ಕಾಲದ ಶಾನುಭೋಗರೊಬ್ಬರು ಹೋಬಳಿಯ ಗ್ರಾಮಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿರುವಂತೆ ಭಾಸವಾಗುತ್ತದೆ. ನಡುವೆ ‘ಹೋಪ್‌ಫಾರ್ಮ್ ಚನ್ನಸಂದ್ರ’ ಎಂಬ ವಿಚಿತ್ರ ಜೋಡಿಪದವೊಂದು ಬರುತ್ತದೆ. ಯಾವುದೋ ಇಂಗ್ಲಿಷ್ ತೋಟದ ಹೆಸರು ನಮ್ಮ ನೆಲದ ಸಂದ್ರವೊಂದರ ಹೆಗಲ ಮೇಲೆ ಕೈ ಹಾಕಿ ನಿಂತಿದೆ. ಕಡೆಯ ನಿಲ್ದಾಣ ‘ವೈಟ್‌ಫೀಲ್ಡ್ (ಕಾಡುಗೋಡಿ)’. ಅಲ್ಲಿ ಇಳಿದವನ ಕಾಲು ನೆಲಕ್ಕೆ ತಾಗುವುದು ಕಾಡುಗೋಡಿಯಲ್ಲಿ. ಆದರೆ ಫಲಕದಲ್ಲಿ ಕಾಡುಗೋಡಿ ಇರುವುದು ಆವರಣ ಚಿಹ್ನೆಯೊಳಗೆ. ವೈಟ್‌ಫೀಲ್ಡ್ ಎಂಬ ಹೆಸರನ್ನು ಮೊದಲು ಪಡೆದ ಊರು ಅಲ್ಲಿಂದ ದಕ್ಷಿಣಕ್ಕೆ ಸುಮಾರು ಎರಡು ಮೈಲಿಯಾಚೆ, ಮರಗಳ ನೆರಳಿನಲ್ಲಿ, ಯಾರ ಗಮನಕ್ಕೂ ಬಾರದಂತೆ ಕುಳಿತಿದೆ.

ಬೆಂಗಳೂರಿಗೆ ಉದ್ಯೋಗ ಅರಸಿ ಬಂದ ಯುವಕನಿಗೆ ವೈಟ್‌ಫೀಲ್ಡ್ ಎಂದರೆ ಗಾಜಿನ ಕಟ್ಟಡ, ಬಹುಮಹಡಿ ವಸತಿ, ಮುಗಿಯದ ವಾಹನದಟ್ಟಣೆ. ಅದು 1882ರಲ್ಲಿ, ಇಂಗ್ಲೆಂಡಿನ ಗ್ರಾಮೀಣ ಬದುಕಿನ ಕನಸು ಹೊತ್ತ ಒಂದು ಸಣ್ಣ ಸಮುದಾಯವು ಮೈಸೂರು ಮಹಾರಾಜರಿಂದ ಭೂಮಿ ಪಡೆದು ಕಟ್ಟಿಕೊಂಡ ಬೇಸಾಯದ ಹಳ್ಳಿ ಎಂಬುದು ಅವನಿಗೆ ತಿಳಿದಿರಲಾರದು. ಹಲಸೂರಿನಲ್ಲಿ ಹುಟ್ಟಿ ಬೆಳೆದ ನನಗೂ ಬಹುಕಾಲ ತಿಳಿದಿರಲಿಲ್ಲ. ದಂಡು ಪ್ರದೇಶದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನಮ್ಮ ನೆರೆಹೊರೆಯಲ್ಲೇ ಇದ್ದವು. ಅವರಲ್ಲಿ ಹಿರಿಯರು ನಿವೃತ್ತಿಯ ಮಾತು ಬಂದಾಗಲೆಲ್ಲ ‘ವೈಟ್‌ಫೀಲ್ಡಿಗೆ ಹೋಗಿಬಿಡುತ್ತೇವೆ’ ಎನ್ನುತ್ತಿದ್ದರು. ನಮ್ಮ ಹಿರಿಯರು ಕಾಶಿಯ ಮಾತನಾಡುತ್ತಿದ್ದ ಧಾಟಿಯಲ್ಲೇ ಅವರು ಅದನ್ನು ಹೇಳುತ್ತಿದ್ದುದರಿಂದ ಆ ಹೆಸರು ನನ್ನ ಮನಸ್ಸಿನಲ್ಲಿ ಬಹಳ ದೂರದ ಊರಾಗಿಯೇ ಉಳಿದಿತ್ತು.

ಹೆಸರಿನ ಬಗೆಗೊಂದು ಮಾತು. ‘ಬಿಳಿಯರ ಬಯಲು’ ಎಂದು ಅದನ್ನು ಬಿಡಿಸಿ ಹೇಳುವವರಿದ್ದಾರೆ. ಹಾಗಲ್ಲ. ಮದರಾಸು ಪ್ರಾಂತದಲ್ಲಿ ಈ ಸಮುದಾಯವನ್ನು ಸಂಘಟಿಸಿದ ಡಿ.ಎಸ್. ವೈಟ್ ಅವರ ಗೌರವಾರ್ಥವಾಗಿ ಬಂದ ಹೆಸರದು. ಬಣ್ಣದ ಅರ್ಥ ಹಚ್ಚುವುದು ಇನ್ನೊಂದು ಕಾರಣಕ್ಕೂ ಕ್ರೂರವೆನಿಸುತ್ತದೆ. ಅಲ್ಲಿ ನೆಲೆಸಲು ಬಂದವರನ್ನು ಬಿಳಿಯರು ಬಿಳಿಯರೆಂದು ಎಣಿಸಿರಲೇ ಇಲ್ಲ.

ಯುರೋಪಿಯನ್ ತಂದೆ ಮತ್ತು ಭಾರತೀಯ ತಾಯಿಯ ಸಂತತಿಯಾದ ಇವರನ್ನು ಆಗ ‘ಯುರೇಷಿಯನ್’ ಎನ್ನುತ್ತಿದ್ದರು. ‘ಆಂಗ್ಲೋ-ಇಂಡಿಯನ್’ ಎಂಬುದು ಅವರ ಅಧಿಕೃತ ಹೆಸರಾದದ್ದು 1911ರ ಜನಗಣತಿಯ ಸುಮಾರಿಗೆ. ಈಸ್ಟ್ ಇಂಡಿಯಾ ಕಂಪನಿಯು ಮೊದಮೊದಲು ಇಂಥ ಮದುವೆಗಳಿಗೆ ಪ್ರೋತ್ಸಾಹ ಕೊಟ್ಟು, ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಕೈಬಿಟ್ಟಿತು. 1786ರಿಂದ 1795ರವರೆಗೆ ಹೊರಬಿದ್ದ ಆಜ್ಞೆಗಳು ಅವರಿಗೆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದವು. ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಕಂಪನಿಯ ಸಿವಿಲ್, ಸೈನ್ಯ ಮತ್ತು ನೌಕಾ ಹುದ್ದೆಗಳಿಗೆ ಅಂಥವರು ಅನರ್ಹರೆಂದು 1791ರ ಆಜ್ಞೆ ಸಾರಿತು. ಮುಂದೆ ರೈಲ್ವೆ, ತಂತಿ, ಸುಂಕದ ಕಚೇರಿಗಳು ಬಂದಾಗ ಆ ಕೆಲಸಗಳಲ್ಲಿ ಇವರಿಗೆ ಜಾಗ ಸಿಕ್ಕಿತೇನೋ ನಿಜ. ಆದರೆ ಅದೆಲ್ಲ ಮೇಲಿನವರ ಮರ್ಜಿಯ ಅನ್ನ. ವಿದ್ಯಾವಂತ ಭಾರತೀಯರು ಅದೇ ಕೆಲಸಗಳಿಗೆ ಸ್ಪರ್ಧೆಗಿಳಿದಾಗ ಸಮುದಾಯದ ಮುಖಂಡರಿಗೆ ಕಾಲಡಿಯ ನೆಲ ಜಾರುತ್ತಿರುವ ಅರಿವಾಯಿತು. ನೌಕರಿಯ ಬದಲು ನೆಲ ಬೇಕು, ತನ್ನದೇ ನೆಲದಲ್ಲಿ ಬೆಳೆದುಕೊಂಡು ಉಣ್ಣುವವನು ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂಬ ವಿಚಾರ ಹುಟ್ಟಿದ್ದು ಹೀಗೆ.

ನೆಲ ಕೊಟ್ಟವರು ಬ್ರಿಟಿಷರಲ್ಲ. 1881ರ ಮಾರ್ಚ್ 25ರಂದು ಮೈಸೂರು ರಾಜ್ಯದ ಆಡಳಿತವು ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿತು. (ಕಾಕತಾಳೀಯವೆಂದರೆ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ಮಾರ್ಗ ಉದ್ಘಾಟನೆಯಾದದ್ದೂ 2023ರ ಮಾರ್ಚ್ 25ರಂದೇ.) ಬೆಂಗಳೂರಿನ ದಂಡು, ಅಂದರೆ ನಾನು ಬೆಳೆದ ಹಲಸೂರು, ಶಿವಾಜಿನಗರಗಳ ಪ್ರದೇಶ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿದು, ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಇಂಗ್ಲಿಷ್ ಹಳ್ಳಿಯೊಂದು ಹುಟ್ಟಬೇಕಾಗಿದ್ದರೆ ಆ ಗಡಿಯೊಳಗೆ ಹುಟ್ಟುವುದು ಸಹಜವಾಗಿತ್ತು. ಆದರೆ ಅದು ಹುಟ್ಟಿದ್ದು ಗಡಿಯಾಚೆ, ಕನ್ನಡದ ರಾಜನೊಬ್ಬನ ಸೀಮೆಯಲ್ಲಿ. ಅಧಿಕಾರ ಕೈಗೆ ಬಂದ ಮರುವರ್ಷವೇ ಮಹಾರಾಜರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಅಂಡ್ ಆಂಗ್ಲೋ-ಇಂಡಿಯನ್ ಅಸೋಸಿಯೇಷನ್ನಿಗೆ 3,900 ಎಕರೆ ಭೂಮಿ ನೀಡಿದರು. ವೈಟ್‌ಫೀಲ್ಡ್ ಮತ್ತು ಅದರ ನೆರೆಯ ಸಾಸ್ಮಂಡ್ ಎಂಬ ನೆಲೆಗಳು ಈ ಭೂಮಿಯಲ್ಲೇ ತಲೆಯೆತ್ತಿದವು.

ಆ ಕಾಲವನ್ನು ನೆನಪಿಗೆ ತಂದುಕೊಳ್ಳದೆ ಈ ದಾನದ ಅರ್ಥವಾಗದು. ನಮ್ಮ ಅಜ್ಜಿಯರ ಬಾಯಲ್ಲಿ ಧಾತು-ಈಶ್ವರ ಬರವೆಂದು ಉಳಿದುಬಂದ 1876-78ರ ಕ್ಷಾಮ ಮುಗಿದು ಆಗ ನಾಲ್ಕೇ ವರ್ಷ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಕುಸಿದಿತ್ತು. ಉಳುವವರೇ ಇಲ್ಲದ ಹೊಲಗಳು, ಬರಿದಾದ ಬೊಕ್ಕಸ, ಸಾಲದ ಹೊರೆ ಇವು ದಿವಾನ ರಂಗಾಚಾರ್ಲು ಅವರಿಗೆ ಬಳುವಳಿಯಾಗಿ ಬಂದಿದ್ದವು. ಹೊಸ ಬೇಸಾಯಗಾರರು ಯಾರೇ ಬಂದರೂ ರಾಜ್ಯಕ್ಕೆ ಬೇಡವಾಗಿರಲಿಲ್ಲ. ಮಹಾರಾಜರ ಔದಾರ್ಯವನ್ನು ಇದರಿಂದ ಕಡಿಮೆ ಮಾಡಬೇಕಿಲ್ಲ. ಆದರೆ ಸಾವಿರಾರು ರೈತರು ಹಸಿವಿನಿಂದ ಸತ್ತ ಸೀಮೆಯಲ್ಲಿ, ನೇಗಿಲು ಹಿಡಿದು ಅಭ್ಯಾಸವಿಲ್ಲದ ತಂತಿ ಗುಮಾಸ್ತರೂ ರೈಲ್ವೆ ನೌಕರರೂ ರೈತರಾಗಲು ಹೊರಟರೆಂಬುದು ಚರಿತ್ರೆಯ ವ್ಯಂಗ್ಯವೇ ಸರಿ.

ಊರಿನ ನಕ್ಷೆಯನ್ನು ನೋಡಿದರೆ ಆ ಕನಸಿನ ಆಕಾರವೇ ಕಣ್ಣಿಗೆ ಬೀಳುತ್ತದೆ. ನಡುವೆ ಎಲ್ಲರಿಗೂ ಸೇರಿದ ಹಸಿರು ಬಯಲು, ಅದರ ಸುತ್ತ ದುಂಡನೆಯ ರಸ್ತೆ, ರಸ್ತೆಯ ಅಂಚಿಗೆ ವಿಶಾಲ ನಿವೇಶನಗಳು, ಹಂಚಿನ ಮನೆಗಳು, ಹಿಂದೆ ತೋಟ. ಒಳಗಿನದು ಇನ್ನರ್ ಸರ್ಕಲ್, ಹೊರಗಿನದು ಔಟರ್ ಸರ್ಕಲ್. ಇಂಗ್ಲೆಂಡಿನ ಹಳ್ಳಿಗಳು ಸಾಮಾನ್ಯವಾಗಿ ಹೀಗೆ ಕೈವಾರ ಹಿಡಿದು ಎಳೆದಂತಿಲ್ಲ. ಅವು ನಮ್ಮ ಹಳ್ಳಿಗಳಂತೆಯೇ ಶತಮಾನಗಳ ಜಗಳ, ಮದುವೆ, ಪಾಲುಪಟ್ಟಿಗಳ ನಡುವೆ ಅಂಕುಡೊಂಕಾಗಿ ಬೆಳೆದವು. ಪರಿಪೂರ್ಣ ವೃತ್ತವು ಇಂಗ್ಲೆಂಡನ್ನು ದೂರದಿಂದ ಕಲ್ಪಿಸಿಕೊಂಡವರಿಗೆ ಮಾತ್ರ ಹೊಳೆಯುವಂಥದ್ದು. ಇಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರ ಪಾಲಿಗೆ ಅದು ಕಥೆ, ಪ್ರಾರ್ಥನಾ ಪುಸ್ತಕ, ಗೋಡೆಯ ಚಿತ್ರಗಳಲ್ಲಿ ಕಂಡ ನಾಡು. ಎಬೆನೆಜರ್ ಹೊವರ್ಡ್ ತನ್ನ ಉದ್ಯಾನನಗರಿಯ ವೃತ್ತಾಕಾರದ ಕಲ್ಪನೆಯನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದು 1898ರಲ್ಲಿ, ಅದರಂತೆ ಲೆಚ್‌ವರ್ತ್ ನಗರ ಆರಂಭವಾದದ್ದು 1903ರಲ್ಲಿ. ಹೊಸಕೋಟೆಯ ದಾರಿಯ ಈ ಬಯಲು ಅವರಿಗಿಂತ ಮೊದಲೇ ಒಂದು ವೃತ್ತ ಎಳೆದುಕೊಂಡಿತ್ತು.

ಇಂಗ್ಲಿಷ್ ಹಳ್ಳಿ ಎಂದರೆ ಹಸಿರು ಬಯಲು ಮತ್ತು ಹಂಚಿನ ಮನೆ ಅಷ್ಟೇ ಅಲ್ಲ. ಅದನ್ನು ಹಳ್ಳಿಯಾಗಿ ಹಿಡಿದಿಟ್ಟದ್ದು ‘ಪ್ಯಾರಿಷ್’ ಎಂಬ ವ್ಯವಸ್ಥೆ. ಒಂದು ಚರ್ಚು, ಅದಕ್ಕೆ ಒಳಪಟ್ಟ ಇಂತಿಷ್ಟು ನೆಲ, ಆ ನೆಲದ ಮೇಲಿನ ಪ್ರತಿಯೊಂದು ಜೀವದ ಹೊಣೆ, ಇವೆಲ್ಲ ಸೇರಿ ಪ್ಯಾರಿಷ್. ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ರಿಜಿಸ್ಟರ್ ಇಡಬೇಕೆಂದು ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದು 1538ರಲ್ಲಿ. ಬಡವರನ್ನು ಸಾಕುವ ಹೊಣೆಯನ್ನೂ 1601ರ ಕಾಯಿದೆ ಪ್ಯಾರಿಷ್ಷಿಗೇ ವಹಿಸಿತು. ವರ್ಷಕ್ಕೊಮ್ಮೆ ಪಾದ್ರಿಯು ಊರ ಹುಡುಗರನ್ನು ಕರೆದುಕೊಂಡು ಎಲ್ಲೆಗಲ್ಲುಗಳ ಗುಂಟ ನಡೆದು, ಕೋಲಿನಿಂದ ಕಲ್ಲುಗಳನ್ನು ಬಡಿದು, ಊರಿನ ಗಡಿಯನ್ನು ಮುಂದಿನ ತಲೆಮಾರಿನ ನೆನಪಿಗೆ ದಾಟಿಸುತ್ತಿದ್ದ. ಮಾರಿಹಬ್ಬದ ಕಡೆಯಲ್ಲಿ ಮಾರಿಯನ್ನು ಊರಗಡಿ ದಾಟಿಸುವ ನಮ್ಮ ಹಳ್ಳಿಗರಿಗೆ ಇದು ಅಪರಿಚಿತವೆನಿಸಲಾರದು. ಎಲ್ಲೆ ಯಾವುದೆಂದು ಎಲ್ಲರಿಗೂ ಗೊತ್ತಿರುವ ನೆಲವನ್ನೇ ಎರಡೂ ಕಡೆ ಜನ ಊರೆಂದು ಕರೆದರು.

ವೈಟ್‌ಫೀಲ್ಡಿನವರು ಇದನ್ನು ಬಲ್ಲವರಾಗಿದ್ದರು. ಊರು ಹುಟ್ಟಿದ ನಾಲ್ಕೇ ವರ್ಷಕ್ಕೆ, 1886ರಲ್ಲಿ, ಮೆಮೋರಿಯಲ್ ಚರ್ಚ್ ಎದ್ದು ನಿಂತಿತು. ರೋಮನ್ ಕ್ಯಾಥೊಲಿಕರಿಗೆ ಲೂರ್ದು ಮಾತೆಯ ಚರ್ಚ್ ಆಯಿತು. ಬೇಸಾಯದ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು.

ನಮ್ಮ ಪೂರ್ವ ಬಯಲುಸೀಮೆಯ ಕೆಂಪು ಮಣ್ಣು ರಾಗಿಯನ್ನು ಬಲ್ಲದು, ಹುರುಳಿ, ಅವರೆ, ಹುಚ್ಚೆಳ್ಳನ್ನು ಬಲ್ಲದು. ನದಿಯಿಲ್ಲ. ನೀರಿಗೆ ಕೆರೆ, ಬಾವಿಗಳೇ ಗತಿ. ಎಂದು ಉಳಬೇಕು, ಯಾವ ಮಳೆಗೆ ಬಿತ್ತಬೇಕು, ಯಾವ ಮಳೆಯನ್ನು ನಂಬಬಾರದು ಎಂಬುದು ಆರಿದ್ರೆ, ಪುಬ್ಬೆ, ಉತ್ತರೆಗಳ ಲೆಕ್ಕದಲ್ಲಿ ತಲೆಮಾರುಗಳು ಕಟ್ಟಿಟ್ಟ ಜ್ಞಾನ. ಅದು ಅಸೋಸಿಯೇಷನ್ನಿನ ಕಡತದಲ್ಲಿ ಸಿಗುವಂಥದ್ದಲ್ಲ. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿತ್ತೆಂದು ನನಗೆ ತೋರುತ್ತದೆ. ನಮ್ಮ ಹಳ್ಳಿ ನಿಂತದ್ದು ಆಯಗಾರರ ಮೇಲೆ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತೋಟಿ, ತಳವಾರ, ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿ, ಇವರಿಲ್ಲದೆ ಊರಿಲ್ಲ. (ಆ ಏರ್ಪಾಡಿನ ಅಡಿಯಲ್ಲಿದ್ದ ಜಾತಿಯ ಕ್ರೌರ್ಯವನ್ನು ನಾನು ಮರೆತಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ ಬರಬೇಕಾದದ್ದೇ ಆಗಿತ್ತು.) ಇಂಗ್ಲೆಂಡಿನ ಹಳ್ಳಿಗೂ ಅದರದೇ ಕಮ್ಮಾರ, ಅದರದೇ ಗಿರಣಿಯವ, ಅದರದೇ ಕೂಲಿಕಾರ ಇದ್ದರು. ವೈಟ್‌ಫೀಲ್ಡಿನ ವೃತ್ತದೊಳಗೆ ಇದ್ದವರೆಲ್ಲ ಯಜಮಾನರು. ದುಡಿಯುವ ಕೈಗಳು ವೃತ್ತದ ಹೊರಗಿದ್ದವು. ಹಗದೂರು, ಇಮ್ಮಡಿಹಳ್ಳಿ, ನಲ್ಲೂರುಹಳ್ಳಿ, ಸಿದ್ದಾಪುರ, ವರ್ತೂರುಗಳಿಂದ ಅವು ಬರಬೇಕಾಗಿದ್ದವು.

ಹೀಗಾಗಿ ರೈತರ ಹಳ್ಳಿಯಾಗಬೇಕಿದ್ದುದು ಬಹುಬೇಗ ಪಿಂಚಣಿದಾರರ ಹಳ್ಳಿಯಾಯಿತು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೂ ಮನೆಗಳು ಕೆಲವೇ ಡಜನ್ ಇದ್ದವು. ಹಣ್ಣಿನ ತೋಟ, ಕೋಳಿ, ಹಸು, ಹಂದಿ ಸಾಕಣೆ ಇವಿಷ್ಟು ಉಳಿದುಕೊಂಡವು. ರೈಲ್ವೆಯಲ್ಲೋ ಚಿನ್ನದ ಗಣಿಯಲ್ಲೋ ಆಯುಷ್ಯ ಸವೆಸಿದವರು ಇಲ್ಲಿ ಬಂದು ಗುಲಾಬಿ ಬೆಳೆಸಿದರು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹೋಗುವ ರೈಲುಮಾರ್ಗ 1864ರಲ್ಲೇ ತೆರೆದಿದ್ದರೂ, ನಿಲ್ದಾಣದಿಂದ ಊರಿಗೆ ಬರಲು ಎತ್ತಿನ ಗಾಡಿಯೇ ಆಗಬೇಕಿತ್ತು. ಈ ಎರಡು ಮೈಲಿ ದೂರವೇ ಊರನ್ನು ನೂರು ವರ್ಷ ಕಾಪಾಡಿತು ಎನ್ನಬಹುದು.

ವೈಟ್‌ಫೀಲ್ಡಿನ ಬಗ್ಗೆ ಬರೆಯುವವರೆಲ್ಲ ಚರ್ಚಿಲ್‌ನ ಕಥೆಯನ್ನು ಹೇಳದೆ ಬಿಡುವುದಿಲ್ಲ. 1896ರಿಂದ ಕೆಲಕಾಲ ಬೆಂಗಳೂರು ದಂಡಿನಲ್ಲಿದ್ದ ಆ ತರುಣ ಸೇನಾಧಿಕಾರಿ, ಇಲ್ಲಿನ ವೇವರ್ಲಿ ಇನ್ ಎಂಬ ಛತ್ರದ ಯಜಮಾನನ ಮಗಳನ್ನು ಕಾಣಲು ಕುದುರೆಯೇರಿ ಬರುತ್ತಿದ್ದನಂತೆ. ಇರಬಹುದು, ಇಲ್ಲದಿರಬಹುದು. ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಬಾಕಿ ಬರೆದಿರುವುದಕ್ಕಾದರೂ ಕಾಗದದ ಆಧಾರವಿದೆ. ಈ ಪ್ರೇಮಕಥೆಗೆ ಅದೂ ಇಲ್ಲ. ನನ್ನ ಬೇಸರ ಕಥೆಯ ಮೇಲಲ್ಲ. ಒಂದು ಊರಿನ ನೂರನಲವತ್ತು ವರ್ಷಗಳ ಬಾಳಿನಲ್ಲಿ ನಮಗೆ ಹೇಳಿಕೊಳ್ಳಲು ಸಿಕ್ಕಿದ್ದು ದಾರಿಹೋಕನೊಬ್ಬನ ಸಂಜೆಯ ಸವಾರಿ ಮಾತ್ರವೇ ಎಂಬುದು ನನ್ನ ಬೇಸರ.

ಹೇಳಿಕೊಳ್ಳಬೇಕಾದ ಹಳೆಯ ಕಥೆ ಸುತ್ತಲಿನ ಊರುಗಳಲ್ಲಿದೆ. ಕಾಡುಗೋಡಿಯ ಶಾಸನವೊಂದು ಹನ್ನೊಂದನೆಯ ಶತಮಾನದ್ದು, ರಾಜೇಂದ್ರ ಚೋಳನ ಕಾಲದ್ದು. ಪಟ್ಟಂದೂರಿನ ಕೆರೆಯ ಮಾತು ಅದರಲ್ಲಿ ಬರುತ್ತದೆ. ಅಂದರೆ ಇಂದು ಮಾಹಿತಿ ತಂತ್ರಜ್ಞಾನ ಪಾರ್ಕಿನ ಗಾಜಿನ ಗೋಡೆಗಳಲ್ಲಿ ಮುಖ ನೋಡಿಕೊಳ್ಳುತ್ತಿರುವ ಊರಿಗೆ ಸಾವಿರ ವರ್ಷಗಳ ಹತ್ತಿರದ ವಯಸ್ಸಾಗಿದೆ. ಕಾಡುಗೋಡಿಯ ಹೆಸರನ್ನು ಕೇಳಿದಾಗಲೆಲ್ಲ ನನಗೆ ಕೆರೆಯ ಕೋಡಿ ನೆನಪಾಗುತ್ತದೆ. ಈ ಊರುಗಳೆಲ್ಲ ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹರಿಯುವ ಸರಪಣಿಯಲ್ಲಿ ಪೋಣಿಸಿದಂಥವು. ಗುಂಡುತೋಪು, ಗೋಮಾಳ, ಅಶ್ವತ್ಥಕಟ್ಟೆ, ಊರಮುಂದಿನ ಗ್ರಾಮದೇವತೆ ಎಲ್ಲವೂ ಇದ್ದವು. 1882ರ ‘ಹೊಸ ಹಳ್ಳಿ’ ಬಂದಿಳಿದದ್ದು ಇಂಥ ಹಳ್ಳಿಗಳ ನಡುವೆ.

ಹಲವು ವರ್ಷಗಳ ಹಿಂದೆ ಹಗದೂರಿನ ಕಡೆಯ ಹಿರಿಯರೊಬ್ಬರೊಡನೆ ಮಾತನಾಡುತ್ತಾ ಕುಳಿತಿದ್ದೆ. ಅವರ ತಂದೆ, ತಾತ ಇಬ್ಬರೂ ವೈಟ್‌ಫೀಲ್ಡಿನ ಬಂಗಲೆಗಳಲ್ಲಿ ತೋಟದ ಕೆಲಸ ಮಾಡಿದವರು. ‘ದೊರೆಗಳು ಹೆಂಗಿದ್ರು ಯಜಮಾನರೇ?’ ಎಂದು ಕೇಳಿದೆ. ‘ದೊರೆ ಏನ್ ಬಂತು ಸ್ವಾಮಿ, ಅವರೂ ನಮ್ಮಂಗೇ ತಿಂಗಳ ಕೊನೇಲಿ ಸಾಲ ಮಾಡೋರು. ಆದ್ರೆ ಕರೆಯೋದು ಮಾತ್ರ ದೊರೆ ಅಂತಲೇ’ ಎಂದು ನಕ್ಕರು. ಆ ಮನೆಗಳ ಅಮ್ಮಾವ್ರುಗಳು ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಮಾತಾಡುತ್ತಿದ್ದುದನ್ನೂ, ಕ್ರಿಸ್‌ಮಸ್ ದಿನ ಮನೆಗೆ ಕೇಕು ಬರುತ್ತಿದ್ದುದನ್ನೂ, ಸಂಕ್ರಾಂತಿಗೆ ತಮ್ಮ ಮನೆಯಿಂದ ಅವರೆಕಾಯಿ, ಕಬ್ಬು ಹೋಗುತ್ತಿದ್ದುದನ್ನೂ ವಿವರಿಸಿದರು. ‘ಒಳಗೆ ಬಾ ಅಂತಿದ್ರಾ?’ ಎಂದದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿತ್ತಲ ಬಾಗಿಲು ಇತ್ತಲ್ಲ’ ಎಂದರು. ಅವರ ತಾತನ ಹೆಸರಿನ ದಾಖಲೆ ಎಲ್ಲಾದರೂ ಉಂಟೇ ಎಂದು ವಿಚಾರಿಸಿದೆ. ಇಲ್ಲ. ಅವರದು ಜಮೀನಿಲ್ಲದ ಮನೆತನ. ಪಹಣಿಯಲ್ಲಿ ಹೆಸರು ಬರುವ ಪ್ರಶ್ನೆಯೇ ಇರಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಚರ್ಚಿನ ದಾಖಲೆ ಎಂಥದೆಂದು ಆಮೇಲೆ ನೋಡಿದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಇಲ್ಲಿನ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳನ್ನು ಪ್ರಾಂತಗಳ ಮೂಲಕ ಲಂಡನ್ನಿಗೆ ಕಳುಹಿಸುವ ಪದ್ಧತಿಯಿತ್ತು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಭಾಗ. ಪರ್ತ್‌ನಲ್ಲಿಯೋ ಮೆಲ್ಬರ್ನ್‌ನಲ್ಲಿಯೋ ಇರುವ ಮೊಮ್ಮಗಳೊಬ್ಬಳು ತನ್ನ ಮುತ್ತಜ್ಜ ಬೆಂಗಳೂರಿನಲ್ಲಿ ಮದುವೆಯಾದ ತಾರೀಖನ್ನು ಅಲ್ಲಿ ಹುಡುಕಿಕೊಳ್ಳಬಲ್ಲಳು. ಅದೇ ಮುತ್ತಜ್ಜನ ತೋಟಕ್ಕೆ ನೀರು ಸೇದಿದವನ ಮೊಮ್ಮಗ, ಅಲ್ಲಿಂದ ಅರ್ಧ ಮೈಲಿ ದೂರದಲ್ಲೇ ಬದುಕುತ್ತಿದ್ದರೂ, ತನ್ನ ತಾತ ಹುಟ್ಟಿದ ವರ್ಷವನ್ನು ತಿಳಿಯಲಾರ. ಪ್ಯಾರಿಷ್ ಎಂಬ ವ್ಯವಸ್ಥೆಯ ಸೊಗಸು ಮತ್ತು ಮಿತಿ ಎರಡೂ ಇಲ್ಲಿವೆ. ಇಂಗ್ಲೆಂಡಿನಲ್ಲಿ ಅದು ಊರಿನ ಕೂಲಿಯವನನ್ನೂ ಬರೆದಿಟ್ಟುಕೊಂಡಿತು. ಇಲ್ಲಿ ಅದರ ಪುಸ್ತಕ ತೆರೆದದ್ದು ಒಂದು ಮತದವರಿಗೆ ಮಾತ್ರ. ನಮ್ಮವರಾದರೂ ಶಾಸನ ಹಾಕಿಸಿದ್ದು ದಾನ ಕೊಟ್ಟವರಿಗೆ, ವೀರಗಲ್ಲು ನಿಲ್ಲಿಸಿದ್ದು ಕಾದಾಡಿ ಸತ್ತವರಿಗೆ. ಹೊಲದಲ್ಲಿ ದುಡಿದು ಸತ್ತವರಿಗೆ ಕಲ್ಲು ನಿಲ್ಲಿಸಿದವರು ಯಾರು?

1947ರ ನಂತರ ಊರು ನಿಧಾನವಾಗಿ ಖಾಲಿಯಾಯಿತು. ಇಂಗ್ಲೆಂಡಿಗೆ, ಆಮೇಲೆ ಆಸ್ಟ್ರೇಲಿಯಾ, ಕೆನಡಾಗಳಿಗೆ ಮಕ್ಕಳು ಹೋದರು, ಹಿಂದೆಯೇ ತಂದೆತಾಯಿಯರೂ ಹೋದರು. ಹೋಗದೆ ಉಳಿದವರೂ ಇದ್ದಾರೆ, ಈ ನೆಲವನ್ನು ತಮ್ಮದೆಂದು ಆರಿಸಿಕೊಂಡವರು ಅವರೇ. ಚರ್ಚು ಇಂಗ್ಲೆಂಡಿನ ಸಭೆಯ ಅಂಗವಾಗಿ ಉಳಿಯದೆ, 1947ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಅಂಗವಾಯಿತು. ಇಂದಿನ ಜಾರ್ಖಂಡಿನ ಮೆಕ್‌ಕ್ಲಸ್ಕಿಗಂಜ್ ಎಂಬ ಆಂಗ್ಲೋ-ಇಂಡಿಯನ್ ನೆಲೆಯ ಬಗ್ಗೆ ಕೇಳಿದವರು ಹೆಚ್ಚು. ಅದು ಹುಟ್ಟಿದ್ದು 1933ರಲ್ಲಿ. ಅರ್ಧ ಶತಮಾನ ಹಿಂದಿನ ವೈಟ್‌ಫೀಲ್ಡನ್ನು ಆ ಸಾಲಿನಲ್ಲಿ ನೆನೆಯುವವರು ಕಡಿಮೆ. ಸಂವಿಧಾನವು ಈ ಸಮುದಾಯಕ್ಕೆ ಲೋಕಸಭೆಯಲ್ಲೂ ರಾಜ್ಯಗಳ ವಿಧಾನಸಭೆಗಳಲ್ಲೂ ನಾಮಕರಣದ ಅವಕಾಶ ನೀಡಿತ್ತು. 104ನೆಯ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಅದು ಕೊನೆಗೊಂಡಿತು. ಈ ತೀರ್ಮಾನದ ಸರಿತಪ್ಪುಗಳ ಬಗ್ಗೆ ಬೇರೆಬೇರೆ ಅಭಿಪ್ರಾಯಗಳಿವೆ. ಶಾಸನಸಭೆಯಲ್ಲಿ ದನಿಯಿಲ್ಲದ ಚಿಕ್ಕ ಸಮುದಾಯದ ಹಳ್ಳಿಯೊಂದಕ್ಕೆ ಕಲ್ಲು-ಗಾರೆಯಲ್ಲಿ ಉಳಿದ ಗುರುತು ಹೆಚ್ಚು ಮುಖ್ಯವಾಗುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿರಲಾರದು.

ಆ ಗುರುತು ಈಗ ವೇಗವಾಗಿ ಅಳಿಯುತ್ತಿದೆ. 1990ರ ದಶಕದ ಕೊನೆಯಲ್ಲಿ ಪಟ್ಟಂದೂರು ಅಗ್ರಹಾರದ ಬಳಿ ತಂತ್ರಜ್ಞಾನ ಪಾರ್ಕ್ ಬಾಗಿಲು ತೆರೆದ ಮೇಲೆ ನಡೆದುದನ್ನು ನಗರದ ಓದುಗರಿಗೆ ವಿವರಿಸಬೇಕಿಲ್ಲ. ಕೆಲವೇ ಡಜನ್ ಮನೆಗಳ ಊರಿನ ಹೆಸರು ಹೂಡಿಯಿಂದ ವರ್ತೂರಿನವರೆಗಿನ ನೆಲಕ್ಕೆಲ್ಲ ಹೊದಿಕೆಯಾಯಿತು. ಮನೆ ಮಾರುವವರಿಗೆ ಕುಂದಲಹಳ್ಳಿಯೂ ವೈಟ್‌ಫೀಲ್ಡೇ, ಗುಂಜೂರೂ ವೈಟ್‌ಫೀಲ್ಡೇ. ಜಾಹೀರಾತುಗಳನ್ನು ನೋಡಿ: ಮೆಡೋಸ್, ವುಡ್ಸ್, ಗಾರ್ಡನ್ಸ್, ಕಂಟ್ರಿ. ಆಳೆತ್ತರದ ಕಾಂಪೌಂಡು, ಒಳಗೆ ದುಂಡು ರಸ್ತೆ, ನಡುವೆ ಹುಲ್ಲುಹಾಸು, ಕೆಲಸದವರಿಗೆ ಬೇರೆ ಬಾಗಿಲು. 1882ರ ನಕ್ಷೆಯನ್ನೇ ಮತ್ತೆ ಮಾರುತ್ತಿದ್ದಾರೆ, ಈ ಬಾರಿ ಚದರಡಿಯ ಲೆಕ್ಕದಲ್ಲಿ. ಹಳೆಯ ವೃತ್ತದವರು ತಮ್ಮ ಬಾವಿಯ ನೀರನ್ನಾದರೂ ಕುಡಿದರು. ಹೊಸ ವೃತ್ತಗಳವರು ಟ್ಯಾಂಕರಿಗೆ ಕಾಯುತ್ತಾರೆ. ಕೋಡಿಯಿಂದ ಕೋಡಿಗೆ ಹರಿಯುತ್ತಿದ್ದ ಸರಪಣಿಯ ತುದಿಯಲ್ಲಿ ವರ್ತೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಕಾರಿದ್ದನ್ನು ನಾವೆಲ್ಲ ಕಂಡೆವು.

ಇತ್ತ ಇನ್ನರ್ ಸರ್ಕಲ್ಲಿನ ಹಳೆಯ ನಿವೇಶನಗಳು ಬಹುಕೋಟಿಯ ಸರಕಾಗಿವೆ. ಮಾಲೀಕರನ್ನು ದೂರಿ ಫಲವಿಲ್ಲ. ಎಂಬತ್ತು ದಾಟಿದ ವೃದ್ಧೆಯೊಬ್ಬರು ಸೋರುವ ಮಾಡನ್ನು ಪರಂಪರೆಯ ಹೆಸರಿನಲ್ಲಿ ಕಾಯ್ದುಕೊಳ್ಳಲಿ ಎಂದು ಹಲಸೂರಿನಲ್ಲೋ ಇಂದಿರಾನಗರದಲ್ಲೋ ಕುಳಿತ ನಮ್ಮಂಥವರು ಬಯಸುವುದು ಸುಲಭ. ದುರಸ್ತಿಯ ಖರ್ಚಿನಲ್ಲಿ ಪಾಲು, ತೆರಿಗೆಯಲ್ಲಿ ರಿಯಾಯಿತಿ, ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಡೆ ಮಾರಿಕೊಳ್ಳುವ ಅವಕಾಶ, ಇಂಥ ಏರ್ಪಾಡುಗಳಿಲ್ಲದೆ ಸಂರಕ್ಷಣೆಯ ಮಾತು ಬರಿಯ ಉಪದೇಶವಾಗುತ್ತದೆ. ವೃತ್ತದ ನಡುವಿನ ಬಯಲು, ರಸ್ತೆಯ ಆಕಾರ, ಮರಗಳು, ಕಟ್ಟಡಗಳ ಎತ್ತರ ಇಷ್ಟನ್ನು ಕಾಪಾಡಿದರೂ ಊರಿನ ನಕ್ಷೆ ಉಳಿದೀತು.

ಇದನ್ನು ಇಂಗ್ಲಿಷರ ಪಳೆಯುಳಿಕೆಗಾಗಿ ಹಂಬಲಿಸುವ ಮೋಹವೆಂದು ಕೆಲವರು ಆಕ್ಷೇಪಿಸಬಹುದು. ಕನ್ನಡದ ಹಳ್ಳಿಗಳೇ ಹಾಳಾಗುತ್ತಿರುವಾಗ ಇದರ ಚಿಂತೆ ಏಕೆ ಎಂದೂ ಕೇಳಬಹುದು. ನನ್ನ ದೃಷ್ಟಿಯಲ್ಲಿ ಇವು ಎರಡು ಬೇರೆ ಪ್ರಶ್ನೆಗಳಲ್ಲ. ಹಗದೂರಿನ ಗುಂಡುತೋಪನ್ನು ನುಂಗುವ ಹಸಿವೇ ಇನ್ನರ್ ಸರ್ಕಲ್ಲಿನ ಬಂಗಲೆಯನ್ನೂ ನುಂಗುತ್ತಿದೆ. ವೈಟ್‌ಫೀಲ್ಡಿನ ಚರಿತ್ರೆಯನ್ನು ಬರೆಯುವವರು ಸುತ್ತಲಿನ ಊರುಗಳ ಚರಿತ್ರೆಯನ್ನು ಬಿಟ್ಟು ಬರೆಯಲಾರರು. ಬರೆದರೆ ಅದು ಚರ್ಚಿಲ್‌ನ ಕುದುರೆಯ ಕಥೆಯಾಗಿಯೇ ಉಳಿಯುತ್ತದೆ.

ತಕ್ಷಣ ಮಾಡಬಹುದಾದ, ಹೆಚ್ಚು ಹಣ ಬೇಡದ ಕೆಲಸ ಒಂದಿದೆ. ಈ ಊರುಗಳ ಚರ್ಚುಗಳಲ್ಲಿ ಉಳಿದಿರುವ ಹಳೆಯ ರಿಜಿಸ್ಟರುಗಳನ್ನು ಛಾಯಾಚಿತ್ರ ತೆಗೆದು ಇಡಬೇಕು. ಸ್ಮಶಾನದ ಕಲ್ಲುಗಳ ಬರಹವನ್ನು ಪ್ರತಿ ಮಾಡಬೇಕು. ಅದರ ಜೊತೆಯಲ್ಲೇ ಹಗದೂರು, ಇಮ್ಮಡಿಹಳ್ಳಿ, ನಲ್ಲೂರುಹಳ್ಳಿ, ಕಾಡುಗೋಡಿಗಳಲ್ಲಿ ಬಂಗಲೆಗಳಿಗೆ ದುಡಿದ ಮನೆತನಗಳ ಹಿರಿಯರನ್ನು ಕಂಡು, ಅವರ ತಾತ ಮುತ್ತಾತಂದಿರ ಹೆಸರು, ಕೆಲಸ, ಕೆಲಸ ಮಾಡಿದ ಮನೆ ಇವುಗಳನ್ನು ಅದೇ ಪುಸ್ತಕದ ಎದುರು ಪುಟದಲ್ಲಿ ಬರೆದುಕೊಳ್ಳಬೇಕು. ಹತ್ತಿರದ ಕಾಲೇಜೊಂದರ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ಹತ್ತು ಹದಿನೈದು ಭಾನುವಾರಗಳ ಕೆಲಸವಿದು. ಹಳೆಯ ಕಾಗದಕ್ಕೆ ಗೆದ್ದಲು ಹತ್ತುತ್ತದೆ, ಮೆದು ಕಲ್ಲಿನ ಅಕ್ಷರಗಳು ಮಳೆಗೆ ಸವೆಯುತ್ತವೆ. ನಾನು ಮಾತನಾಡಿಸಿದ ಆ ಹಿರಿಯರಿಗೆ ಆಗಲೇ ಎಪ್ಪತ್ತೆಂಟು ವರ್ಷವಾಗಿತ್ತು.